ಒಪ್ಪಿಗೆಯ ತುಂಡು

ಸರದಕ್ಕನ ಕೊರಳಲ್ಲಿ ಒಂದೆಳೆ ಬಂಗಾರವಿರಲಿಲ್ಲ. ಆದರೂ ಬೀದಿಗೆ ಬೀದಿಯೇ ಅವಳನ್ನು ಸರದಕ್ಕ ಎಂದು ಕರೆಯುತ್ತಿತ್ತು. ಅವಳ ಅಂಗಡಿಯಲ್ಲಿ ಗೋಡೆಯಿಂದ ಗೋಡೆಗೆ ಹಾಯಿಸಿದ ಕಬ್ಬಿಣದ ಸಲಾಕೆಗೆ ಸಾಸೇಜುಗಳು ಸಾಲಾಗಿ ತೂಗುತ್ತಿದ್ದವು. ಗಿರಾಕಿಗಳು "ಒಂದು ಸರ ಕೊಡಕ್ಕ" ಎಂದು ಕೇಳಿ ಕೇಳಿ ಹೆಸರೇ ಹಾಗೆ ನಿಂತುಬಿಟ್ಟಿತು. ಅವಳಿಗೇನೂ ಬೇಸರವಿರಲಿಲ್ಲ. ಚಿನ್ನದ ಸರ ತೂಗುಹಾಕಿದರೆ ಕಳ್ಳರು ಬರುತ್ತಾರೆ, ನನ್ನ ಸರ ತೂಗುಹಾಕಿದರೆ ಗಿರಾಕಿಗಳು ಬರುತ್ತಾರೆ, ಯಾವುದು ವಾಸಿ ನೀವೇ ಹೇಳಿ ಎಂದು ನಗುತ್ತಿದ್ದಳು.

ಅಂಗಡಿಯೆಂದರೆ ದೊಡ್ಡದೇನಲ್ಲ. ಬಸ್ ನಿಲ್ದಾಣದ ಎದುರು ಮೂಲೆಯಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಕೋಣೆ, ಅದರ ಬೆನ್ನಿಗೆ ಇನ್ನೊಂದು. ಮುಂದಿನದರಲ್ಲಿ ಬಿಳಿ ಟೈಲ್ಸಿನ ಕಟ್ಟೆ, ತಕ್ಕಡಿ, ಒಂದು ಒಲೆ. ಹಿಂದಿನದರಲ್ಲಿ ಮಾಂಸ ಅರೆಯುವ ಯಂತ್ರ, ಅರೆದದ್ದನ್ನು ಕರುಳಿನ ಚೀಲಕ್ಕೆ ತುಂಬುವ ಇನ್ನೊಂದು ಯಂತ್ರ, ಮತ್ತು ಅವಳ ಮದುವೆಯ ಬೀರು. ಹೌದು, ಬೀರುವೇ! ಬಟ್ಟೆಬರೆ ಇಟ್ಟುಕೊಳ್ಳಲಿ ಎಂದು ತವರಿನವರು ಕೊಟ್ಟ ಉಕ್ಕಿನ ಬೀರು. ಅದರ ಅಡ್ಡಹಲಗೆಗಳನ್ನು ಕಿತ್ತು, ನೆತ್ತಿಗೆ ತೂತು ಕೊರೆಸಿ ಕೊಳವೆ ಸಿಕ್ಕಿಸಿ, ತಳದಲ್ಲಿ ಮರದ ಹೊಟ್ಟು ಸುಟ್ಟು, ಅದನ್ನು ಸಾಸೇಜಿಗೆ ಹೊಗೆ ಹಾಕುವ ಗೂಡು ಮಾಡಿಕೊಂಡಿದ್ದಳು. ಬಾಗಿಲಿನ ಕನ್ನಡಿ ಮಾತ್ರ ಮಸಿ ಹಿಡಿದು ಹಾಗೇ ಉಳಿದಿತ್ತು. ಅದನ್ನು ಕಂಡ ದಿನ ಅವಳ ತಾಯಿ ಊಟ ಬಿಟ್ಟು ಕೂತಳಂತೆ. ಬಟ್ಟೆ ಇಟ್ಟರೆ ಬೀರು ತುಂಬುತ್ತೆ, ಸಾಸೇಜ್ ಇಟ್ಟರೆ ಹೊಟ್ಟೆ ತುಂಬುತ್ತೆ ಎಂದು ಮಗಳು ಸಮಾಧಾನ ಹೇಳಿದಳು.

ಅವಳ ಗಂಡ ಹರೆಯವನ್ನೆಲ್ಲ ಒಂದು ದೊಡ್ಡ ಮಾಂಸದ ಕಾರ್ಖಾನೆಯ ಮಸಾಲೆ ಕೋಣೆಯಲ್ಲಿ ಕಳೆದವನು. ಮೆಣಸಿನ ಧೂಳು ಕುಡಿದು ಕುಡಿದು ಅವನ ಮೂಗು, ನಾಲಿಗೆ ಎರಡೂ ಸತ್ತಿದ್ದವು. ಬೆಲ್ಲ ಕೊಟ್ಟರೂ ಅಷ್ಟೇ, ಬೇವು ಕೊಟ್ಟರೂ ಅಷ್ಟೇ. ಕಾರ್ಖಾನೆ ಮುಚ್ಚಿದಾಗ ಅದರ ಮಾಲೀಕರೆಂಬ ಪುಣ್ಯಾತ್ಮರು ಇಷ್ಟು ವರ್ಷದ ದುಡಿಮೆಗೆ ಎರಡು ಹಳೆಯ ಯಂತ್ರ ಕೊಟ್ಟು ಕೈ ತೊಳೆದುಕೊಂಡರು. ಅವನು ಅವನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ಮನೆ ಮುಂದೆ ಇಳಿಸಿ ಸುಮ್ಮನೆ ಕೂತ. ಮಾತು ಅವನಿಗೆ ಮೊದಲಿನಿಂದಲೂ ದುಬಾರಿ. ತೋಳಲ್ಲಿ ಕಸುವಿತ್ತು, ಕೈಯಲ್ಲಿ ಕಸುಬಿತ್ತು. ಮಾರುವುದಕ್ಕೆ ನಿಲ್ಲಿಸಿದರೆ ಮಾತ್ರ ಗಿರಾಕಿಗೆ ಬೆನ್ನು ಹಾಕಿ ತಕ್ಕಡಿ ಒರೆಸುತ್ತಿದ್ದ.

ಮಾರಾಟವನ್ನು ಹೆಂಡತಿ ಕೈಗೆತ್ತಿಕೊಂಡಳು. ಅವಳು ಓದಿದ್ದು ಅಷ್ಟಕ್ಕಷ್ಟೆ, ಆದರೆ ಜನರ ಮುಖ ಓದುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಸಂಜೆ ಬಸ್ಸಿಳಿದು ಬರುವವರು ಅಂಗಡಿಯ ಮುಂದೆ ಒಂದು ಗಳಿಗೆ ನಿಂತು, ತಕ್ಕಡಿ ಕಂಡು ಮುಂದೆ ಹೋಗುವುದನ್ನು ನೋಡಿದಳು. ಕಿಲೋ, ಅರ್ಧ ಕಿಲೋ ಎಂದರೆ ಒಂಟಿ ಮನುಷ್ಯರಿಗೆ ಭಯ. ಮಾರನೆಯ ದಿನದಿಂದ ಜೋಡಿ ಲೆಕ್ಕದಲ್ಲಿ ಮಾರಿದಳು. ಎರಡೇ ಎರಡು, ಕಾಗದದಲ್ಲಿ ಸುತ್ತಿ, ದಾರ ಕಟ್ಟಿ. ಅಷ್ಟಕ್ಕೇ ಬಿಡದೆ ಬೆಲೆಯನ್ನೂ ಏರಿಸಿದಳು. ಇವಳಿಗೆ ತಲೆ ಕೆಟ್ಟಿದೆ ಎಂದರು ಎಲ್ಲರೂ. ಆದರೆ ಅಗ್ಗದ ಸಾಸೇಜಿನಲ್ಲಿ ಏನು ತುಂಬಿರುತ್ತೆ ಅಂತ ಜನಕ್ಕೆ ಅನುಮಾನ, ಬೆಲೆಯಿದ್ದರೆ ಮಾಂಸ ಇದೆ ಅಂತ ನಂಬಿಕೆ ಎಂಬುದು ಅವಳ ವಾದ. ಅಂಗಡಿಗೆ ಬೋರ್ಡು ಬೇಡ ಎಂದದ್ದೂ ಅವಳೇ. ಕಾರ್ಖಾನೆಗಳ ಸಂಜೆಯ ಸೈರನ್ ಕೂಗುವ ಹೊತ್ತಿಗೆ ಸರಿಯಾಗಿ ಬೀರುವಿನ ಹೊಟ್ಟಿಗೆ ಬೆಂಕಿ ತಾಗಿಸುತ್ತಿದ್ದಳು. ಹೊಗೆ ಬೀದಿಗಿಳಿದು ಬಸ್ಸಿನ ಬಾಗಿಲಿಗೇ ಹೋಗಿ ಜನರನ್ನು ಕರೆದುಕೊಂಡು ಬರುತ್ತಿತ್ತು. ಬಣ್ಣದ ಬೋರ್ಡನ್ನು ಯಾರು ಓದುತ್ತಾರೆ, ಬಿಡಿ.

ಇವರಿಬ್ಬರ ಕೆಲಸದಲ್ಲಿ ಒಂದು ಕಟ್ಟುಪಾಡಿತ್ತು. ಅದನ್ನು ಅವರು ಒಪ್ಪಿಗೆಯ ತುಂಡು ಎನ್ನುತ್ತಿದ್ದರು. ಮಾಂಸ ಅರೆದು, ಉಪ್ಪು, ಮೆಣಸು, ಬೆಳ್ಳುಳ್ಳಿ ಬೆರೆಸಿದ ಮೇಲೆ, ಕರುಳಿಗೆ ತುಂಬುವ ಮೊದಲು, ಆ ರಾಶಿಯಿಂದ ಒಂದು ಚಿಟಿಕೆ ತೆಗೆದು ಬಿಲ್ಲೆ ತಟ್ಟಿ ಬಾಣಲೆಯಲ್ಲಿ ಹುರಿಯುವುದು. ಅವಳು ಅದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿಯುವಳು. ಅವಳು ತಲೆಯಾಡಿಸುವ ತನಕ ಅವನು ಯಂತ್ರದ ಹಿಡಿಗೆ ಕೈ ಹಚ್ಚುತ್ತಿರಲಿಲ್ಲ. ಒಮ್ಮೆ ತುಂಬಿದ ಮೇಲೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದರೆ ದೇವರು ಬಂದರೂ ಸರಿಮಾಡಲಾರ. ನನ್ನ ನಾಲಿಗೆ ಆ ಕೋಣೇಲೇ ಸತ್ತೋಯ್ತು, ಈಗ ಇಬ್ಬರಿಗೂ ನಿಂದೇ ಎಂದು ಅವನು ಎಂದೋ ಒಮ್ಮೆ ಹೇಳಿದ್ದ. ಅಷ್ಟುದ್ದ ಮಾತನ್ನು ಅವನು ಆಡಿದ್ದೇ ಅಪರೂಪವಾದ್ದರಿಂದ ಅವಳಿಗೆ ಅದು ಮನಸ್ಸಿನಲ್ಲಿ ನಾಟಿಬಿಟ್ಟಿತ್ತು.

ಹೀಗೆ ಎಲ್ಲ ಸುಸೂತ್ರವಾಗಿದ್ದಾಗಲೇ ಕಟ್ಟಡದ ಮಾಲೀಕ ಬಂದು, ಕೋಣೆಗಳನ್ನು ಮಾರುತ್ತಿದ್ದೇನೆ ಎಂದ. ಚಪ್ಪಲಿ ವ್ಯಾಪಾರಿಯೊಬ್ಬ ಕೈಯಲ್ಲಿ ದುಡ್ಡು ಹಿಡಿದು ನಿಂತಿದ್ದಾನೆ, ಆದರೂ ನೀವು ಹಳಬರು, ವರ್ಷ ಮುಗಿಯುವುದರೊಳಗೆ ಕೊಳ್ಳುವುದಾದರೆ ನಿಮಗೇ ಎಂದ. ಬ್ಯಾಂಕಿನವರು, ವಾರವಾರವೂ ತಪ್ಪದೆ ಕೊಳ್ಳುವ ಒಬ್ಬ ದೊಡ್ಡ ಗಿರಾಕಿ ಇದ್ದರೆ ಮಾತ್ರ ಸಾಲ ಎಂದರು. ಸಾಸೇಜ್ ಅಂಗಡಿಯನ್ನು ಬೇರೆ ಬೀದಿಗೆ ಎತ್ತಿ ಒಯ್ಯುವುದು ಬಾಯಿಮಾತಲ್ಲ. ಆ ಬಸ್ ನಿಲ್ದಾಣ ಬಿಟ್ಟರೆ ಹೊಗೆ ಯಾರನ್ನು ಕರೆಯಬೇಕು? ದೊಡ್ಡ ಗಿರಾಕಿಯನ್ನು ಹುಡುಕುವುದೇ ಸರಿ ಎಂದು ಅವಳು ಸೆರಗು ಬಿಗಿದು ನಿಂತಳು.

ಸರಿಯಾಗಿ ಆಗಲೇ ಅವಳಿಗೆ ಜ್ವರ ಬಂತು ನೋಡಿ. ಬಂದದ್ದು ಬಂತು, ಹೋಗುವಾಗ ಬರಿಗೈಯಲ್ಲಿ ಹೋಗಬೇಕೋ ಬೇಡವೋ! ಹಾಸಿಗೆ ಬಿಟ್ಟೆದ್ದು ಬೀರುವಿನ ಬಾಗಿಲು ತೆರೆದವಳಿಗೆ ಹೊಗೆ ಕಣ್ಣಿಗೆ ಹೊಡೆಯಿತೇ ಹೊರತು ಮೂಗಿಗೆ ತಿಳಿಯಲಿಲ್ಲ. ಬೆಳ್ಳುಳ್ಳಿ ಜಜ್ಜಿ ಮೂಸಿದಳು. ಮೆಣಸು ಅಗಿದಳು. ಬಾಯಿ ಉರಿಯಿತು, ರುಚಿ ಮಾತ್ರ ಇಲ್ಲ. ಎರಡು ದಿನದಲ್ಲಿ ಬರುತ್ತೆ, ನಾಲ್ಕು ದಿನದಲ್ಲಿ ಬರುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ಗಂಡನಿಗೆ ಹೇಳಲಿಲ್ಲ. ಇಬ್ಬರಿಗೂ ನಿಂದೇ ಎಂದವನಿಗೆ ಯಾವ ಬಾಯಲ್ಲಿ ಹೇಳುವುದು? ಬೀದಿಗೆ ಗೊತ್ತಾದರಂತೂ ಮುಗಿಯಿತು. ರುಚಿ ಗೊತ್ತಿಲ್ಲದವಳ ಸಾಸೇಜನ್ನು ಯಾರು ಕೊಳ್ಳುತ್ತಾರೆ!

ಉಪ್ಪು ಹಾಕುವುದು ಯಾವಾಗಲೂ ಅವಳ ಕೈಯ ಕೆಲಸ. ಜ್ವರದ ದಿನಗಳಲ್ಲಿ ಗಂಡ ಹಳೆಯ ಅಳತೆಯಲ್ಲೇ ಹಾಕಿ, ವಿಧಿಯಿಲ್ಲದೆ ಒಪ್ಪಿಗೆಯ ತುಂಡಿಲ್ಲದೆಯೇ ತುಂಬುತ್ತಿದ್ದ. ಅವಳು ಎದ್ದು ಬಂದ ಮೇಲೆ, ಇನ್ನು ಅವಳೇ ಹಾಕುತ್ತಾಳೆ ಎಂದು ಅವನು ಬಿಟ್ಟ. ಅವನು ಹಾಕಿರುತ್ತಾನೆ ಎಂದು ಇವಳು ಬಿಟ್ಟಳು. ಇಂಥದ್ದನ್ನು ಹಿಡಿಯುವುದಕ್ಕೆಂದೇ ಇದ್ದದ್ದು ಒಪ್ಪಿಗೆಯ ತುಂಡು. ಅವಳು ಅದನ್ನು ಅಗಿದಳು, ಗಂಡನ ಮುಖ ನೋಡಿದಳು, ತಲೆಯಾಡಿಸಿದಳು. ಅವನು ಹಿಡಿ ತಿರುಗಿಸಿದ. ಉಪ್ಪಿನ ಹರಳೂ ಕಾಣದ ಸರಗಳು ಸಲಾಕೆಗೇರಿ ಸಂಜೆಯೊಳಗೆ ಮಾರಿಹೋದವು.

ಮರುದಿನ ಬೆಳಗ್ಗೆ ಎದುರು ಸಾಲಿನ ದರ್ಜಿ ಹೆಂಗಸು ಕೊರಳಲ್ಲಿ ಅಳತೆಪಟ್ಟಿ ಜೋತುಹಾಕಿಕೊಂಡೇ ಬಂದಳು. ಏನು ಸರದಕ್ಕ, ಊರಲ್ಲಿ ಉಪ್ಪು ಮುಗಿದುಹೋಯಿತಾ ಎಂದು ಕೇಳಿದಳು. ನಿನ್ನೆಯ ರಾಶಿಗೆ ಉಪ್ಪೇ ಬಿದ್ದಿಲ್ಲವೆಂದು ಸರದಕ್ಕನಿಗೆ ಆಗ ಗೊತ್ತಾಯಿತು. ಆದರೂ ನಾಲಿಗೆಯ ರುಚಿ ಹೋಗಿತ್ತೇ ವಿನಾ ಮಾತು ಹೋಗಿರಲಿಲ್ಲವಲ್ಲ. ಡಾಕ್ಟರು ಎಲ್ಲರಿಗೂ ಉಪ್ಪು ಕಡಿಮೆ ಮಾಡಿ ಅಂತಾರೆ, ಹೇಗಿರುತ್ತೆ ಅಂತ ಒಂದು ಸಲ ನೋಡಿದೆ ಎಂದುಬಿಟ್ಟಳು. ಹಾಗಾದರೆ ಡಾಕ್ಟರಿಗೇ ಮಾರು ಎಂದು ದರ್ಜಿ ನಕ್ಕಳು. ಆ ಹೊತ್ತಿಗೆ ಬಾಣಲೆಯಲ್ಲಿ ಆ ದಿನದ ಒಪ್ಪಿಗೆಯ ತುಂಡು ಚುರುಗುಟ್ಟುತ್ತಿತ್ತು. ಸರದಕ್ಕ ಅದನ್ನು ಕಡ್ಡಿಗೆ ಚುಚ್ಚಿ ದರ್ಜಿಯ ಮುಂದೆ ಹಿಡಿದಳು. ನಿನ್ನೆ ತಪ್ಪಾಗಿದ್ದಕ್ಕೆ ಇವತ್ತು ನೀನೇ ಹೇಳು, ಸರಿಯಿದೆಯಾ ಎಂದಳು. ದರ್ಜಿ ಅಗಿದು, ಇನ್ನೊಂದು ತುಂಡಿದೆಯೇ ಎಂಬಂತೆ ಬಾಣಲೆಯ ಕಡೆ ಕಣ್ಣು ಹಾಯಿಸಿದಳು. ಆ ಒಂದು ನೋಟದಲ್ಲಿ ಸರದಕ್ಕನಿಗೆ ಹೋದ ಜೀವ ಬಂದಂತಾಯಿತು.

ಅಂದಿನಿಂದ ಒಪ್ಪಿಗೆಯ ತುಂಡು ಬಾಗಿಲಲ್ಲಿ ನಿಂತವರ ಪಾಲಾಯಿತು. ಡಿಪೋಗೆ ಹೊರಟ ಬಸ್ ಕಂಡಕ್ಟರ್, ಪಾಳಿ ಮುಗಿಸಿ ಮನೆಗೆ ಹೋಗುವ ನರ್ಸ್, ದರ್ಜಿ, ಯಾರು ಸಿಕ್ಕರೆ ಅವರು. ಅವರ ಬಾಯಿಮಾತನ್ನು ಅವಳು ಪೂರ್ತಿ ನಂಬುತ್ತಿರಲಿಲ್ಲ. ಬಿಟ್ಟಿ ಕೊಟ್ಟದ್ದನ್ನು ಚೆನ್ನಾಗಿಲ್ಲ ಎನ್ನಲು ಜನಕ್ಕೆ ದಾಕ್ಷಿಣ್ಯ. ಮುಖ ಮಾತ್ರ ಸುಳ್ಳಾಡದು. ತುಟಿ ನೆಕ್ಕಿಕೊಂಡರೆ ಉಪ್ಪು ಹೆಚ್ಚು. ಹುಬ್ಬು ಏರಿದರೆ ಮೆಣಸು. ದವಡೆ ನಿಧಾನವಾದರೆ ಸಪ್ಪೆ. ಬಾಣಲೆ ನೋಡಿದರೆ ಸರಿಯಾಗಿದೆ. ಹೀಗೆ ಪರರ ಮುಖದಲ್ಲಿ ತನ್ನ ನಾಲಿಗೆಯನ್ನು ಇಟ್ಟುಕೊಂಡು ಆ ಹೆಣ್ಣುಮಗಳು ಅಂಗಡಿ ನಡೆಸಿದಳು. ನಮ್ಮ ನಿಮ್ಮಂಥವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದೆವು.

ಮಾಂಸ ಕೆಟ್ಟರೆ ಮೂಗಿಗೆ ತಿಳಿಯುವುದಿಲ್ಲ ಎಂಬ ಭಯಕ್ಕೆ ಇನ್ನೊಂದು ಪಣ ತೊಟ್ಟಳು. ಬೆಳಗ್ಗೆ ತಂದದ್ದು ಸಂಜೆಗೆ ಮುಗಿಯಬೇಕು, ರಾತ್ರಿಗೆ ಒಂದು ತುಣುಕೂ ಉಳಿಯಬಾರದು. ಕಡಿಮೆ ಮಾಡಿದಳು, ಎಲ್ಲ ಮಾರಿದಳು, ಫ್ರಿಜ್ಜನ್ನು ಆರಿಸಿಯೇ ಬಿಟ್ಟಳು. ಆಮೇಲಾದದ್ದು ಅವಳೂ ಎಣಿಸದ್ದು. ತಡವಾಗಿ ಬಂದವರು ಖಾಲಿ ಸಲಾಕೆ ನೋಡಿ ಪೆಚ್ಚಾಗಿ ಮರುದಿನ ಬೇಗ ಬಂದರು. ಬೆಳಗ್ಗೆ ರುಚಿ ಹೇಳಿದವರು ಸಂಜೆ ಬಂಧುಬಳಗವನ್ನೇ ಕರೆತಂದು, ಇವತ್ತಿನ ಮೆಣಸು ನನ್ನದು ಎಂದು ಹೆಮ್ಮೆಯಿಂದ ಕೊಂಡರು. ಕಂಡಕ್ಟರಂತೂ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ಪ್ರಚಾರ ಮಾಡುತ್ತಿದ್ದ. ಹಾಳಾಗುವುದು ನಿಂತಿತು, ಕರೆಂಟಿನ ಖರ್ಚು ಉಳಿಯಿತು, ಮೊದಲು ಸೋರಿಹೋಗುತ್ತಿದ್ದ ಲಾಭ ಈಗ ಕೈಗೆ ಹತ್ತಿತು. ಏನು ತಲೆ ಸರದಕ್ಕ ನಿಂದು ಎಂದು ಎಲ್ಲರೂ ಹೊಗಳಿದರು. ಹೊಗಳಿದಷ್ಟೂ ಅವಳಿಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಗಂಡ ಮಾತ್ರ ಏನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತವರು ತಿಂದು ಮುಗಿಸುವುದನ್ನು ನೋಡಿಯೇ ಹಿಡಿ ತಿರುಗಿಸುತ್ತಿದ್ದ.

ಸುದ್ದಿ ದೊಡ್ಡ ಕಾರ್ಖಾನೆಯೊಂದರ ಕ್ಯಾಂಟೀನಿನ ಮೇಲ್ವಿಚಾರಕಿಯ ಕಿವಿಗೂ ಬಿತ್ತು. ಆಕೆ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವುದರಿಂದ ಶುರುಮಾಡಿ ಮೇಲೆ ಬಂದವಳು, ಆಳೆತ್ತರದ ಹೆಂಗಸು. ಅವಳ ಮುಖ ಒಂದು ಗೋಡೆ. ನಕ್ಕರೂ ಗೊತ್ತಾಗದು, ಮುನಿದರೂ ಗೊತ್ತಾಗದು. ವಾರವಾರ ಸಾಸೇಜ್ ಬೇಕು, ಆದರೆ ಮಾಡುವುದನ್ನು ಎದುರಿಗೆ ನಿಂತು ನೋಡಬೇಕು ಎಂದಳು. ಇದು ದಕ್ಕಿದರೆ ಬ್ಯಾಂಕಿನವರು ಒಪ್ಪುತ್ತಾರೆ, ಕೋಣೆ ಉಳಿಯುತ್ತದೆ; ದಕ್ಕದಿದ್ದರೆ ವರ್ಷದ ಕೊನೆಗೆ ಆ ಕಟ್ಟೆಯ ಮೇಲೆ ಚಪ್ಪಲಿ ಜೋಡಿಸುತ್ತಾರೆ. ಬನ್ನಿ ಮೇಡಂ, ಬೀದಿಯೇ ನಿಂತು ರುಚಿ ಹೇಳುತ್ತೆ ಎಂದಳು ಸರದಕ್ಕ. ಮೇಲ್ವಿಚಾರಕಿ ಬೇಡವೆಂದು ತಲೆ ಅಲ್ಲಾಡಿಸಿದಳು.

"ಆ ಆಟ ಎಲ್ಲ ಕೇಳಿದೀನಿ. ನನಗೆ ಬೀದಿ ಬೇಡ. ನಿನ್ನ ನಾಲಿಗೆ ನೋಡ್ಬೇಕು. ಬಾಗಿಲು ಹಾಕಿರ್ಲಿ."

ಆ ಬೆಳಗ್ಗೆ ಅಂಗಡಿಯ ಬಾಗಿಲು ಹಾಕಿತ್ತು. ಒಳಗೆ ಮೂವರೇ. ಗಂಡ ಮಾಂಸ ಅರೆದ. ಸರದಕ್ಕ ಉಪ್ಪು, ಮೆಣಸು ಹಾಕಿ ಮೊಣಕೈ ತನಕ ಕೈಯಿಳಿಸಿ ಕಲಸಿದಳು. ಬಿಲ್ಲೆ ಹುರಿದು ಎರಡು ತುಂಡು ಮಾಡಿ ಒಂದನ್ನು ಮೇಲ್ವಿಚಾರಕಿಗೆ ಕೊಟ್ಟು ಇನ್ನೊಂದನ್ನು ಬಾಯಿಗೆ ಹಾಕಿಕೊಂಡಳು. ಬಿಸಿಯಿತ್ತು, ಮೆತ್ತಗಿತ್ತು, ಅಷ್ಟೆ. ಆ ಗೋಡೆಯಂಥ ಮುಖವನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದಳು. ತುಟಿಯಿಲ್ಲ, ಹುಬ್ಬಿಲ್ಲ, ದವಡೆ ಗಡಿಯಾರದ ಹಾಗೆ ಒಂದೇ ಸಮ. ಗಂಡ ಹಿಡಿಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಉಪ್ಪು ಕಮ್ಮಿ" ಎಂದಳು ಮೇಲ್ವಿಚಾರಕಿ.

ಸರದಕ್ಕನ ಕೈ ತಾನಾಗಿ ಉಪ್ಪಿನ ಜಾಡಿಗೆ ಹೋಗಿ ಮುಷ್ಟಿ ತುಂಬಿಕೊಂಡಿತು. ಹಾಕಿದರೆ ದೊಡ್ಡವರ ಮಾತು ನಡೆಸಿದಂತಾಯಿತು, ಆರ್ಡರು ಬಂದಂತೆಯೇ. ನಿಜವಾಗಿ ಕಡಿಮೆಯಿದ್ದರೆ ಸರಿ. ಕಡಿಮೆಯಿಲ್ಲದಿದ್ದರೆ? ಕಾರ್ಖಾನೆಯಲ್ಲಿ ದುಡಿದು ಬಂದು ತಟ್ಟೆ ಮುಂದೆ ಕೂರುವ ಜನ ಉಪ್ಪಿನ ಮುದ್ದೆ ತಿನ್ನಬೇಕು. ಮುಷ್ಟಿ ರಾಶಿಯ ಮೇಲೆ ಬಂದು ಅಲ್ಲೇ ನಿಂತಿತು.

"ನನಗೆ ಗೊತ್ತಾಗ್ತಿಲ್ಲ ಮೇಡಂ" ಎಂದಳು. "ಜ್ವರ ಬಂದೋದ್ಮೇಲೆ ರುಚಿ ಹೋಯ್ತು, ವಾಸನೆನೂ ಹೋಯ್ತು. ಇಷ್ಟು ದಿನ ಬೀದಿಯವರ ಬಾಯಲ್ಲೇ ನಾನು ರುಚಿ ನೋಡಿರೋದು. ನೀವು ಕಮ್ಮಿ ಅಂತೀರಿ. ಇರಬಹುದು. ಅವರನ್ನ ಕೇಳದೆ ನಾನು ಹಾಕಲ್ಲ."

ಗಂಡನ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ. ಹೋಗಿ ಬಾಗಿಲು ತೆರೆದಳು. ಹೊರಗೆ ದರ್ಜಿ, ಕಂಡಕ್ಟರ್, ನರ್ಸ್ ಮೂವರೂ, ಇವತ್ತೇನು ಇವಳಿಗೆ ಬೆಳಗಾಗಲಿಲ್ಲವೇ ಎಂದು ಗೊಣಗುತ್ತ ನಿಂತಿದ್ದರು. ಅವಳು ಏನೂ ಹೇಳದೆ, ಉಪ್ಪಿನ ಮುಷ್ಟಿ ಬಿಡದೆ, ಒಂದೇ ಕೈಯಲ್ಲಿ ಇನ್ನೊಂದು ಬಿಲ್ಲೆ ಹುರಿದು ಮೂವರಿಗೂ ಕೊಟ್ಟಳು. ದರ್ಜಿ ಅಗಿದು ಬಾಣಲೆ ನೋಡಿದಳು. ಕಂಡಕ್ಟರ್ ಬಾಣಲೆ ನೋಡಿದ. ನರ್ಸ್, ಇಷ್ಟೇನಾ ಎಂದಳು. ಸರದಕ್ಕ ಮುಷ್ಟಿಯ ಉಪ್ಪನ್ನು ಜಾಡಿಗೆ ವಾಪಸು ಸುರಿದು ಮುಚ್ಚಳ ಹಾಕಿದಳು.

"ನಾನು ಕಮ್ಮಿ ಅಂದ್ನಲ್ಲ" ಎಂದಳು ಮೇಲ್ವಿಚಾರಕಿ.

"ನಿಮ್ಮ ತಟ್ಟೆಗೆ ಬೇಕಾದ್ರೆ ಬೇರೆ ಕೊಡ್ತೀನಿ ಮೇಡಂ. ರಾಶಿಗೆ ಹಾಕಲ್ಲ."

ಮೇಲ್ವಿಚಾರಕಿ ಒಳಗೆ ಹೋಗಿ ಮಾಂಸದ ಪಾತ್ರೆ ಮೂಸಿದಳು, ಬೀರು ತೆರೆದು ನೋಡಿದಳು, ಫ್ರಿಜ್ಜಿನ ಬಾಗಿಲು ಎಳೆದಳು. ಅದರೊಳಗೆ ಕಾಗದದ ಕಟ್ಟು, ದಾರದ ಉಂಡೆ, ಒಂದು ಕೊಡೆ. ವಾಸನೆ ತಿಳಿಯದವಳು ರಾತ್ರಿಗೆ ಏನೂ ಉಳಿಸಿಕೊಳ್ಳಬಾರದಲ್ಲ ಎಂದು ಸರದಕ್ಕ ನಾಚಿಕೊಂಡು ಹೇಳಿದಳು. ಮೇಲ್ವಿಚಾರಕಿ ಆ ಕೊಡೆಯನ್ನು ಎತ್ತಿ ನೋಡಿ ಅಲ್ಲೇ ವಾಪಸಿಟ್ಟಳು. ಆಮೇಲೆ, ಉಪ್ಪು ಸರಿಯಾಗೇ ಇತ್ತು, ಹೋದ ಕಡೆಯೆಲ್ಲ ಕಮ್ಮಿ ಅಂತಲೇ ಹೇಳುತ್ತೇನೆ, ಎಲ್ಲರೂ ಮರುಮಾತಿಲ್ಲದೆ ಹಾಕಿಬಿಡುತ್ತಾರೆ ಎಂದಳು. ವಾರವಾರ ತನ್ನ ಕಾರ್ಖಾನೆಯಿಂದ ಇಬ್ಬರು ಬಂದು ತುಂಡು ತಿಂದು ಒಪ್ಪಬೇಕು, ಮಾಂಸವನ್ನೂ ಮೂಸಬೇಕು, ಹಾಗಿದ್ದರೆ ಆರ್ಡರು ಅವಳದೇ. ಇಷ್ಟು ಹೇಳಿ, ಬಾಣಲೆಯಲ್ಲಿ ಉಳಿದಿದ್ದ ಚೂರನ್ನು ಕೈಯಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡು ಹೊರಟಳು.

ಎಲ್ಲವನ್ನೂ ಕೇಳಿಸಿಕೊಂಡಿದ್ದ ದರ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಹಾಗಾದರೆ ಆ ಉಪ್ಪಿಲ್ಲದ ಸರ ಡಾಕ್ಟರು ಹೇಳಿದ್ದಲ್ಲವೇ ಎಂದಳು. ಅಲ್ಲ ಕಣೇ ಎಂದಳು ಸರದಕ್ಕ. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ನಾಳೆಯೂ ನಾನೇ ಮೊದಲು ತಿನ್ನುವವಳು, ನೆನಪಿರಲಿ ಎಂದು ದರ್ಜಿ ಗದರಿಸಿ ಹೋದಳು. ಕಂಡಕ್ಟರ್, ನರ್ಸ್ ಕೂಡ ಅವರವರ ದಾರಿ ಹಿಡಿದರು. ಕೊಳ್ಳುವುದನ್ನು ಬಿಡುತ್ತೇನೆ ಎಂದು ಒಬ್ಬರೂ ಅನ್ನಲಿಲ್ಲ.

ಉಳಿದವರು ಗಂಡ ಹೆಂಡತಿ ಇಬ್ಬರೇ. ಅವಳು ಕಟ್ಟೆ ಒರೆಸಿದ್ದನ್ನೇ ಒರೆಸಿದಳು.

"ನನಗೆ ಗೊತ್ತಿತ್ತು" ಎಂದ ಅವನು.

ಅವಳ ಕೈ ನಿಂತಿತು. ಯಾವಾಗಿನಿಂದ ಎಂದು ಕೇಳಿದಳು.

"ಜ್ವರ ಬಿಟ್ಟೆದ್ದ ಮೊದಲ್ನೇ ದಿನದಿಂದ. ಮೊದ್ಲೆಲ್ಲ ನೀನು ಕಣ್ಣು ಮುಚ್ಕೊಂಡು ತಿಂತಿದ್ದೆ. ಅವತ್ತು ಕಣ್ಣು ಬಿಟ್ಕೊಂಡು ನನ್ನೇ ನೋಡ್ದೆ."

ಅವಳಿಗೆ ಸಿಟ್ಟೇ ಬಂತು. ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ, ಗೊತ್ತಿದ್ದೂ ಹಿಡಿ ತಿರುಗಿಸಿದೆಯಲ್ಲ, ಉಪ್ಪಿಲ್ಲದ ಸರ ಬೀದಿಗೆ ಹೋಯಿತಲ್ಲ ಎಂದು ಒಂದೇ ಉಸಿರಿನಲ್ಲಿ ತರಾಟೆಗೆ ತೆಗೆದುಕೊಂಡಳು.

"ನೀನು ತಲೆ ಆಡ್ಸಿದೆ" ಎಂದ. "ನಾನು ತಿರುಗಿಸದೆ ನಿಂತಿದ್ರೆ, ನನಗೆ ಗೊತ್ತಾಯ್ತು ಅಂತ ನಿನಗೆ ಗೊತ್ತಾಗ್ತಿತ್ತು."

ಮಾತಿನ ಮಲ್ಲಿ ಎನಿಸಿಕೊಂಡವಳು ಒರೆಸುವ ಬಟ್ಟೆಯಲ್ಲೇ ಮೂಗು ಒರೆಸಿಕೊಂಡಳು.

ಅಂದಿನ ರಾಶಿ ಇನ್ನೂ ತುಂಬದೆ ಕಾದಿತ್ತು. ಅವನು ತಾನೇ ಒಂದು ಚಿಟಿಕೆ ತೆಗೆದು, ವಕ್ರವಕ್ರವಾಗಿ ಬಿಲ್ಲೆ ತಟ್ಟಿ ಹುರಿದ. ಕಡ್ಡಿಗೆ ಚುಚ್ಚಿ ಅವಳ ಮುಂದೆ ಹಿಡಿದ. ನನಗೇನೂ ಗೊತ್ತಾಗಲ್ಲ ಅಂತ ಈಗ ಊರಿಗೇ ಗೊತ್ತಲ್ಲ, ಬೀದಿಯವರೂ ಒಪ್ಪಿ ಆಯಿತಲ್ಲ ಎಂದಳು.

"ಅವರದ್ದು ಆಯ್ತು" ಎಂದ. "ನಿಂದು ಆಗ್ಲಿಲ್ಲ."

ಅವಳು ತುಂಡನ್ನು ಬಾಯಿಗೆ ಹಾಕಿಕೊಂಡಳು. ಬಹಳ ದಿನಗಳ ಮೇಲೆ ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಬಿಸಿಯಿತ್ತು, ಮೆತ್ತಗಿತ್ತು. ಅವಳು ತಲೆಯಾಡಿಸಿದಳು. ಅವನು ಹಿಡಿ ತಿರುಗಿಸಿದ.